ಒಂಬತ್ತು ಹುಡುಗಿಯರು ಮತ್ತು ಎದುರು ಮನೆಯ ಫಿಟ್ಟರ್

ಹೋದ ಬೇಸಿಗೆಯಲ್ಲಿ ದಾವಣಗೆರೆಯ ಮಗಳ ಮನೆಯಲ್ಲಿದ್ದೆ. ಎ.ಸಿ. ಕೆಟ್ಟಿತ್ತು. ರಿಪೇರಿಗೆ ಬಂದವನು ಬಾಲ್ಕನಿಯಲ್ಲಿ ಕೂತು ತಾಮ್ರದ ಕೊಳವೆಯೊಂದನ್ನು ಗ್ಯಾಸಿನ ಉರಿಗೆ ಹಿಡಿದಿದ್ದ. ಕಾದ ತಾಮ್ರಕ್ಕೆ ಒಂದು ವಾಸನೆಯಿದೆ. ನಾಲಿಗೆಯ ಬುಡದಲ್ಲಿ ಒಗರೊಗರಾಗಿ ಕೂರುವ ವಾಸನೆ ಅದು. ಮೂಗಿಗೆ ಬಂದದ್ದೇ ತಡ, ಕೈಯಲ್ಲಿದ್ದ ಕಾಫಿ ಲೋಟ ಅಲ್ಲೇ ಇಟ್ಟು ಎದ್ದುಹೋಗಿ ಅವನ ಪಕ್ಕದಲ್ಲಿ ನಿಂತೆ. ಅವನು ಕೊಳವೆಯ ಬಾಯಿ ಅಗಲಿಸಲು ಉಪಕರಣ ಸಿಕ್ಕಿಸಿ ಇನ್ನೇನು ತಿರುಪಬೇಕು. “ಮೊದ್ಲು ನಟ್ಟು ತೂರಿಸ್ಕೊಂಡ್ಯೇನಪ್ಪ?” ಎಂದೆ. ಅವನು ಕೈ ನಿಲ್ಲಿಸಿ ನೋಡಿದ. ನಟ್ಟು ಅವನ ಮಂಡಿಯ ಹತ್ತಿರ ನೆಲದ ಮೇಲೆ ಬಿದ್ದಿತ್ತು. ಆಮೇಲೆ ನನ್ನ ಮುಖ ನೋಡಿ, “ಅಜ್ಜಿ, ನಿಮಗೆ ಇದೆಲ್ಲ ಹೆಂಗೆ ಗೊತ್ತು?” ಎಂದು ಕೇಳಿದ.

ಹೇಗೆ ಗೊತ್ತು ಎಂದು ಅವನಿಗೆ ಆಗ ಹೇಳಲಿಲ್ಲ. ಈಗ ಬರೆಯುತ್ತಿದ್ದೇನೆ.

1979ರಲ್ಲಿ ನನಗೆ ಇಪ್ಪತ್ತೇಳು ವರ್ಷ. ಕಡೂರು ತಾಲ್ಲೂಕು ಸಿಂಗಟಗೆರೆ ಕಡೆಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಗಣಿತ, ವಿಜ್ಞಾನದ ಟೀಚರ್ ಆಗಿದ್ದೆ. ಮದುವೆಯಾಗಿರಲಿಲ್ಲ. ಒಂದು ಕೋಣೆಯ ಬಾಡಿಗೆ ಮನೆ. ಬಾಗಿಲು ತೆಗೆದರೆ ಎದುರಿಗೆ ಕಾಣುವುದೇ ಅವರ ಜಗಲಿ. ಅವರು ಬೀರೂರಿನಲ್ಲಿ ರೈಲ್ವೆಯಲ್ಲಿ ಮೂವತ್ತು ಚಿಲ್ಲರೆ ವರ್ಷ ಫಿಟ್ಟರ್ ಆಗಿದ್ದು, ರಿಟೈರಾಗಿ ಊರಿಗೆ ಬಂದಿದ್ದರು. ಕಲ್ಲಿದ್ದಲಿನ ಎಂಜಿನ್ನುಗಳ ಹೊಟ್ಟೆಯೊಳಗೆ ಎಣ್ಣೆ, ನೀರು, ಉಗಿ ಓಡುವ ಕೊಳವೆಗಳನ್ನು ಕೂರಿಸುವುದು ಅವರ ಕೆಲಸವಾಗಿತ್ತಂತೆ. ಊರಿನವರಿಗೆಲ್ಲ ಅವರು ಫಿಟ್ಟರ್. ನನಗೆ ಫಿಟ್ಟರ್ರು.

ಎಂಜಿನ್ನಿನ ಸದ್ದಿನಲ್ಲಿ ಕಿವಿ ಸ್ವಲ್ಪ ಮಂದವಾಗಿದ್ದರಿಂದ ಅವರು ಮಾತಾಡಿದರೆ ಬೀದಿಗೆಲ್ಲ ಕೇಳುತ್ತಿತ್ತು. ಆದರೆ ಮೂಗು ಮಾತ್ರ ಬಹಳ ಚುರುಕು. ನಾನು ಆ ಮನೆಗೆ ಬಂದ ಎರಡನೆಯ ದಿನವೇ ಜಗಲಿಯಿಂದ, “ಟೀಚರಮ್ಮ, ನಿಮ್ ಸ್ಟೌ ಸೀಮೆಎಣ್ಣೆ ಕಾರ್ತದೆ, ಹಚ್ಬೇಡಿ” ಎಂದು ಕೂಗಿದ್ದರು. ಸ್ಟೌ ತರಿಸಿಕೊಂಡು ಹಳೆಯ ಚಪ್ಪಲಿಯ ಚರ್ಮದಿಂದ ವಾಷರ್ ಕತ್ತರಿಸಿ ಹಾಕಿಕೊಟ್ಟರು. ‘ಇರಬಹುದು’, ‘ನೋಡೋಣ’ ಎಂಬ ಮಾತು ಅವರ ಬಾಯಲ್ಲಿ ನಾನು ಕೇಳಿಲ್ಲ. ಆಗುತ್ತದೆ, ಇಲ್ಲ ಆಗುವುದಿಲ್ಲ, ಅಷ್ಟೇ. ನನಗೂ ಅದೇ ಸ್ವಭಾವ. ಹಾಗಾಗಿ ನಾವು ಎರಡು ವರ್ಷದಲ್ಲಿ ಮೂರು ಸಲ ಜಗಳವಾಡಿದ್ದೆವು. ಯಾವುದಕ್ಕೆ ಎಂದು ಈಗ ನೆನಪಿಲ್ಲ… ಒಂದು ನನ್ನ ಬಾಗಿಲಿನ ಕೀಲಿನ ವಿಷಯ, ಅದೊಂದು ಗೊತ್ತು.

ಆ ವರ್ಷ ನನ್ನ ಎಸ್ಸೆಸ್ಸೆಲ್ಸಿ ತರಗತಿಯಲ್ಲಿ ಒಂಬತ್ತು ಹುಡುಗಿಯರಿದ್ದರು. ಪರೀಕ್ಷೆಯ ಕೇಂದ್ರ ಕಡೂರು. ನಮ್ಮ ಊರಿನಿಂದ ಬೆಳಿಗ್ಗೆ ಹೊರಡುವ ಬಸ್ಸು ಕಡೂರು ಮುಟ್ಟುವ ಹೊತ್ತಿಗೆ ಪರೀಕ್ಷೆ ಶುರುವಾಗಿ ಅರ್ಧ ಗಂಟೆ ಆಗಿರುತ್ತಿತ್ತು. ಹುಡುಗರು ಕಡೂರಿನಲ್ಲಿ ನಾಲ್ಕೈದು ಜನ ಸೇರಿ ಒಂದು ರೂಮು ಹಿಡಿದು ಉಳಿಯುತ್ತಿದ್ದರು. ಹುಡುಗಿಯರ ಪರೀಕ್ಷೆ ಅವರ ಅಪ್ಪಂದಿರ ಮನಸ್ಸಿನಲ್ಲೇ ಮುಗಿದುಹೋಗುತ್ತಿತ್ತು. ಅರ್ಜಿ ಕಟ್ಟಿದ ಮೇಲೂ ಪರೀಕ್ಷೆಗೆ ಹೋಗದೆ ಮನೆಯಲ್ಲೇ ಉಳಿದವರನ್ನು ಹಿಂದಿನ ವರ್ಷ ನಾನೇ ನೋಡಿದ್ದೆ. ಈ ಸಲ ಹಾಗಾಗಬಾರದು ಎಂದು ಒಂಬತ್ತು ಮನೆಗೂ ಹೋಗಿ ಕೂತೆ. ದಿನಾ ಬೆಳಿಗ್ಗೆ ನಾನೇ ಕರೆದುಕೊಂಡು ಹೋಗುತ್ತೇನೆ, ಮಧ್ಯಾಹ್ನ ಊಟದ ಹೊತ್ತಿಗೆ ಮನೆಗೆ ತಂದು ಬಿಡುತ್ತೇನೆ ಎಂದು ಮಾತು ಕೊಟ್ಟೆ. ಗಾಡಿ ಕೊಡಲು ಒಪ್ಪಿದವರು ಊರಿನ ಕೊಬ್ಬರಿ ಸಾಹುಕಾರರು. ಅವರ ಮಗಳೂ ಆ ಒಂಬತ್ತರಲ್ಲಿ ಒಬ್ಬಳು.

ಅದೊಂದು ಹಳೆಯ ಪೆಟ್ರೋಲ್ ಪಿಕಪ್ಪು. ಮಲೆನಾಡಿನಲ್ಲಿ ಹೆಬ್ಬೆಯ ಮೇಲಿನ ಕಡೆಯ ಯಾವುದೋ ಕಾಫಿ ಎಸ್ಟೇಟಿನವರು ಹತ್ತು ಹನ್ನೆರಡು ಮಳೆಗಾಲ ದುಡಿಸಿ ಮಾರಿದ್ದನ್ನು ಸಾಹುಕಾರರು ಕೊಂಡಿದ್ದರು. ಮೇಲೆ ಹಸಿರು ಬಣ್ಣ ಬಳಿಸಿ, ಹಿಂದಿನ ತೊಟ್ಟಿಗೆ ಟಾರ್ಪಾಲು ಕಟ್ಟಿಸಿ ಚೆನ್ನಾಗಿಯೇ ಇಟ್ಟಿದ್ದರು. ಕೆಳಗೆ ಬಗ್ಗಿ ಮಾತ್ರ ಅವರು ಎಂದೂ ನೋಡಿರಲಿಲ್ಲ.

ಪರೀಕ್ಷೆ ಸೋಮವಾರ ಶುರು. ಅದರ ಹಿಂದಿನ ಗುರುವಾರ ಪರೀಕ್ಷೆಯ ಹಾಲ್ ತೋರಿಸಿಕೊಂಡು ಬರೋಣ ಎಂದು ಹುಡುಗಿಯರನ್ನು ಕಡೂರಿಗೆ ಕರೆದೊಯ್ದೆ. ಹಿಂದೆ ಅವರ ಜೊತೆಯಲ್ಲೇ ಗೋಣಿಚೀಲದ ಮೇಲೆ ಕೂತಿದ್ದೆ. ದಾರಿಯುದ್ದಕ್ಕೂ ಪೆಟ್ರೋಲಿನ ವಾಸನೆ. ಒಬ್ಬ ಹುಡುಗಿ ವಾಂತಿ ಮಾಡಿಕೊಂಡಳು. ಡ್ರೈವರನ್ನು ಕೇಳಿದರೆ, ಪೆಟ್ರೋಲ್ ಗಾಡಿ ಪೆಟ್ರೋಲ್ ವಾಸನೆ ಬರದೆ ಇನ್ನೇನು ಮಲ್ಲಿಗೆ ಹೂವಿನ ವಾಸನೆ ಬರುತ್ತದೆಯೇ ಎಂದ. ನಾನೂ ನಕ್ಕು ಸುಮ್ಮನಾದೆ.

ಮಾರನೆಯ ಬೆಳಿಗ್ಗೆ ಆ ಸೀರೆಯನ್ನು ಒಗೆದು ಹೊರಗಿನ ತಂತಿಯ ಮೇಲೆ ಹರವಿದ್ದೆ. ಫಿಟ್ಟರ್ರು ಜಗಲಿಯಿಂದ ಇಳಿದು ಬೀದಿ ದಾಟಿ ಬಂದರು. ಒಬ್ಬ ಹೆಂಗಸಿನ ಸೀರೆಯ ಸೆರಗನ್ನು ಹಿಡಿದು ಮೂಸಿ ನೋಡಲು ಅವರಿಗೆ ಒಂದಿಷ್ಟೂ ಸಂಕೋಚವಿರಲಿಲ್ಲ. ಒಗೆದರೂ ಹೋಗದ ಈ ವಾಸನೆ ಎಲ್ಲಿಯದು ಎಂದು ಕೇಳಿದರು. ಹೇಳಿದೆ. ಗಾಡಿಯ ಯಾವ ಮಗ್ಗುಲಲ್ಲಿ ಕೂತಿದ್ದೆ ಎಂದು ಕೇಳಿದರು. ಅದನ್ನೂ ಹೇಳಿದೆ. ಆಮೇಲೆ ಹೊರಟುಹೋದರು.

ಮಧ್ಯಾಹ್ನ ಶಾಲೆಯಿಂದ ಬರುವಾಗ ನೋಡಿದರೆ ಸಾಹುಕಾರರ ಕೊಬ್ಬರಿ ಮಂಡಿಯ ಮುಂದೆ ಪಿಕಪ್ಪು ನಿಂತಿದೆ, ಅದರ ಕೆಳಗಿನಿಂದ ಫಿಟ್ಟರ್ರ ಎರಡು ಕಾಲು ಹೊರಗೆ ಚಾಚಿವೆ. ಸಾಹುಕಾರರು ತಿಪಟೂರಿಗೆ ಹೋಗಿದ್ದರು, ಭಾನುವಾರ ಬರುವವರು. ಡ್ರೈವರ್ ಊಟಕ್ಕೆ ಹೋಗಿದ್ದ. ನಾನು ಬಗ್ಗಿ ನೋಡಿದೆ. ಹಿಂದಿನ ಟ್ಯಾಂಕಿನಿಂದ ಮುಂದಿನ ಎಂಜಿನ್ನಿಗೆ ಪೆಟ್ರೋಲ್ ಒಯ್ಯುವ ಕಬ್ಬಿಣದ ಸಣ್ಣ ಪೈಪು ಗಾಡಿಯ ಉದ್ದಕ್ಕೂ ಓಡುತ್ತದೆ. ಅದರ ಮೇಲೆ ಎರಡು ಕಡೆ ಸೈಕಲ್ ಟ್ಯೂಬು ಸುತ್ತಿ ದಾರ ಕಟ್ಟಿತ್ತು, ಒಂದು ಕಡೆ ಬಟ್ಟೆ ಸೋಪು ಮೆತ್ತಿತ್ತು. ಫಿಟ್ಟರ್ರು ಕೈಯಲ್ಲಿದ್ದ ಮೊಳೆಯಿಂದ ಮೆತ್ತಗೆ ಒತ್ತಿದರು. ಮೊಳೆ ಒಳಗೆ ಹೋಯಿತು. ಅಲ್ಲಿಂದ ಒಂದು ಹನಿ ಇಳಿದು ಅವರ ಕೆನ್ನೆಯ ಮೇಲೆ ಬಿತ್ತು.

“ಸೈಲೆನ್ಸರ್ ಪೈಪು ಎಲ್ಲೈತೆ ನೋಡಿ, ಒಂದ್ ಗೇಣು ಪಕ್ಕದಾಗೆ,” ಎಂದರು. “ಮಕ್ಳು ಕೂರೋದು ಎಲ್ಲಿ? ಇದ್ರ ಮ್ಯಾಲೇ.”

ಕಡೂರಿಗೆ ಒಯ್ದು ತೂತಿರುವ ಕಡೆಯಷ್ಟೇ ಬೆಸುಗೆ ಹಾಕಿಸಿದರೆ ಆಗದೇ ಎಂದು ಕೇಳಿದೆ. ತುಕ್ಕು ಒಂದು ಕಡೆ ಕಂಡರೆ ಕಾಣದ ಕಡೆ ಹತ್ತು ಪಟ್ಟು ಇರುತ್ತದೆ, ಮಲೆನಾಡಿನ ಮಳೆ ನೀರು ಪೈಪು ಬಿಗಿದ ಕ್ಲಾಂಪಿನ ಒಳಗೆ ಕೂತು ಕೊಳೆಸಿದೆ, ಟ್ಯಾಂಕಿನಿಂದ ಪಂಪಿನವರೆಗೆ ಪೂರ್ತಿ ಹೊಸದೇ, ತುಕ್ಕು ಹಿಡಿಯದ ತಾಮ್ರದ್ದೇ ಆಗಬೇಕು ಎಂದರು. ಹೇಳುತ್ತಲೇ ಸ್ಪ್ಯಾನರ್ ಹಾಕಿ ತಿರುಪಿದರು. ಡಬ್ಬಕ್ಕೆ ಪೆಟ್ರೋಲ್ ಇಳಿಸಿ, ಕ್ಲಾಂಪುಗಳನ್ನು ಒಂದೊಂದಾಗಿ ಕಿತ್ತು, ಇಡೀ ಪೈಪನ್ನು ಹೊರಗೆ ಎಳೆದು ಹೆಗಲ ಮೇಲಿಟ್ಟುಕೊಂಡು ಎದ್ದರು.

ಶುಕ್ರವಾರ ಮಧ್ಯಾಹ್ನ. ಸೋಮವಾರ ಬೆಳಿಗ್ಗೆ ಪರೀಕ್ಷೆ. ಯಜಮಾನ ಊರಲ್ಲಿಲ್ಲ, ಕೇಳದೆ ಅವರ ಗಾಡಿ ಬಿಚ್ಚಿ ಹಾಕಿಯಾಗಿದೆ. ಯಾರನ್ನು ಕೇಳಿ ಈ ಕೆಲಸ ಮಾಡಿದಿರಿ, ಒಂಬತ್ತು ಮನೆಗೆ ನಾನೇನು ಹೇಳಲಿ ಎಂದು ಬೀದಿಯಲ್ಲೇ ಕೂಗಾಡಿದೆ. ಅವರು ನಿಂತು ಕೇಳಿಸಿಕೊಂಡರು. ಕೇಳಿಸಿತೋ ಇಲ್ಲವೋ…

“ಬಿಚ್ಚದೆ ಬಿಟ್ಟಿದ್ರೆ ಸೋಮ್ವಾರ ನೀವು ಹತ್ತಿಸ್ಕಂಡು ಹೋಗ್ಬಿಡೋರು,” ಎಂದರು. “ಈಗ ಹೋಗಕ್ಕಾಗಲ್ಲ. ಬೈದಿದ್ದು ಆಗಿದ್ರೆ ತಾಮ್ರದ ಪೈಪು ತಗಂಬನ್ನಿ.”

ಹಳೆಯ ಪೈಪಿನ ಅಂಕುಡೊಂಕಿನ ಮೇಲೆಲ್ಲ ಒಂದು ದಾರ ಹಾಯಿಸಿ ಅಳೆದು, ಕತ್ತರಿಸಿ ಅದನ್ನು ನನ್ನ ಕೈಗೆ ಕೊಟ್ಟರು. ಇದಕ್ಕಿಂತ ಒಂದು ಗೇಣು ಹೆಚ್ಚಿಗೆ ಇರಲಿ, ಬೆರಳಷ್ಟೂ ಕಡಿಮೆ ಬೇಡ. ಎರಡು ತುಂಡು ಸೇರಿಸಿ ಹಾಕುವುದಿಲ್ಲ, ಜಾಯಿಂಟು ಎಂದರೆ ಸೋರುವ ಜಾಗ ಎಂದು ಹೇಳಿದರು. ತಾವೇ ಹೋಗಬಹುದಿತ್ತು. ಆದರೆ ಟ್ಯಾಂಕಿನ ತಳದ ತುಕ್ಕು ತೊಳೆಯದೆ ಹೊಸ ಪೈಪು ಹಾಕಿದರೆ ಎರಡು ದಿನಕ್ಕೆ ಕಟ್ಟಿಕೊಳ್ಳುತ್ತದೆ, ಆ ಕೆಲಸಕ್ಕೆ ಒಂದು ದಿನ ಬೇಕು ಎಂದರು. ಡ್ರೈವರ್ ಬಂದು ಗಾಡಿಯ ಸ್ಥಿತಿ ನೋಡಿದವನೇ, ಇದನ್ನು ಬಿಚ್ಚುವಾಗ ತಾನು ಇರಲೇ ಇಲ್ಲವೆಂದು ಸಾಹುಕಾರರಿಗೆ ಹೇಳಿಬಿಡಿ ಎಂದು ತನ್ನೂರಿಗೆ ಹೊರಟುಹೋದ. ಉಳಿದವಳು ನಾನು. ಮಾತು ಕೊಟ್ಟವಳೂ ನಾನೇ.

ಶನಿವಾರ ಬೆಳಗಿನ ಶಾಲೆ ಮುಗಿಸಿ ಬಸ್ಸು ಹತ್ತಿದೆ. ಕಡೂರಿನ ಅಂಗಡಿಯಲ್ಲಿ ತಾಮ್ರದ ಪೈಪು ಮೊಳದುದ್ದದ ತುಂಡುಗಳಲ್ಲಿ ಮಾತ್ರ ಇತ್ತು. ತರೀಕೆರೆಗೆ ಹೋಗಿ ಎಂದರು. ಹೋದೆ. ಅಲ್ಲಿ ಬಸ್ ಸ್ಟ್ಯಾಂಡಿನ ಹಿಂದಿನ ಅಂಗಡಿಯವರು ಉದ್ದನೆಯದೊಂದನ್ನು ತೆಗೆದು ಕೌಂಟರಿನ ಮೇಲೆ ಬಿಡಿಸಿದರು. ದಾರ ಹಿಡಿದು ನೋಡಿದರೆ ಎರಡು ಗೇಣು ಕಡಿಮೆ. ಇದನ್ನೇ ತೆಗೆದುಕೊಳ್ಳಿ, ಕೊನೆಗೊಂದು ರಬ್ಬರ್ ತುಂಡು ಸಿಕ್ಕಿಸಿದರಾಯಿತು, ಎಲ್ಲರೂ ಹಾಗೆಯೇ ಮಾಡುತ್ತಾರೆ ಎಂದರು. ತೆಗೆದುಕೊಂಡೂಬಿಡುತ್ತಿದ್ದೆನೇನೋ. ಆದರೆ ಆ ದಾರ ಕೈಯಲ್ಲಿತ್ತು. ದಾರ ಹಿಡಿದುಕೊಂಡು ಫಿಟ್ಟರ್ರ ಮುಂದೆ ನಿಂತು ‘ಸಾಲಲಿಲ್ಲ’ ಎನ್ನುವುದು ನನ್ನಿಂದ ಆಗದ ಕೆಲಸ. ಅಂಗಡಿಯವರೇ ಕೊನೆಗೆ, ಅಜ್ಜಂಪುರದಲ್ಲಿ ಪಂಪ್‌ಸೆಟ್ ಎಂಜಿನ್ ರಿಪೇರಿ ಮಾಡುವವರೊಬ್ಬರ ಹತ್ತಿರ ಪೂರ್ತಿ ಸುರುಳಿ ಇರುತ್ತದೆ ಎಂದು ಹೇಳಿದರು.

ಅಜ್ಜಂಪುರ ತಲುಪಿದಾಗ ಸಂಜೆ. ಈರುಳ್ಳಿ ಮೂಟೆಗಳ ನಡುವೆ ದಾರಿ ಮಾಡಿಕೊಂಡು ಆ ಶೆಡ್ಡು ಹುಡುಕಿದೆ. ಅವರು ಬಾಗಿಲು ಎಳೆಯುತ್ತಿದ್ದರು. ಹೆಂಗಸೊಬ್ಬಳು ಬಂದು ಪೆಟ್ರೋಲ್ ಲೈನಿಗೆ ತಾಮ್ರದ ಪೈಪು ಕೇಳಿದ್ದು ಅದೇ ಮೊದಲಿರಬೇಕು. ಯಾವ ಗಾಡಿ, ಯಾರು ಹಾಕುವವರು ಎಂದೆಲ್ಲ ಕೇಳಿದರು. ನಮ್ಮೂರಿನ ಫಿಟ್ಟರ್ ಎಂದು ವಿವರ ಹೇಳಿದೆ. “ಓ, ಬೀರೂರಿನ ಆ ಕಿವುಡಪ್ಪನಾ? ಹಂಗಾದ್ರೆ ನೀವು ಕೇಳಿದ್ದೇ ಕೊಡ್ಬೇಕು ಬಿಡಿ,” ಎಂದು ನಕ್ಕು, ಬಾಗಿಲು ಮತ್ತೆ ತೆಗೆದರು. ಆ ರಾತ್ರಿ ನನ್ನ ಜೊತೆ ಬಿ.ಎಡ್. ಓದಿದ್ದ ಗೆಳತಿಯ ಮನೆಯಲ್ಲಿ ಉಳಿದುಕೊಂಡೆ.

ಭಾನುವಾರ ಬೆಳಿಗ್ಗೆ ಕಡೂರಿನಲ್ಲಿ ನಮ್ಮೂರ ಬಸ್ಸಿಗೆ ಕಾಯುತ್ತ ಕೂತಿದ್ದಾಗ ಪಕ್ಕದಲ್ಲಿ ಬಂದು ನಿಂತವರು ಸಾಹುಕಾರರು. ತಿಪಟೂರಿನಿಂದ ವಾಪಸು ಬರುತ್ತಿದ್ದರು. ಬಿಳಿ ಪಂಚೆ, ಹಣೆಯ ಮೇಲೆ ವಿಭೂತಿ. ನನ್ನ ತೊಡೆಯ ಮೇಲಿದ್ದ ಸುರುಳಿ ನೋಡಿ, ಶಾಲೆಯ ಪ್ರಯೋಗಕ್ಕೇನು ಎಂದು ವಿಚಾರಿಸಿದರು. ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ನಿಮ್ಮ ಗಾಡಿಗೆ ಎಂದು ಶುರುಮಾಡಿ ಎಲ್ಲವನ್ನೂ ಹೇಳಿದೆ. ಅವರು ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಕೂತರು. ಊರು ಬರುವ ತನಕ ಹಿಂತಿರುಗಿ ನೋಡಲಿಲ್ಲ. ಅವರ ಕುತ್ತಿಗೆಯ ಹಿಂಭಾಗ ಕೆಂಪಾಗಿದ್ದದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಬಸ್ಸಿನಿಂದ ಇಳಿದವರು ಮನೆಗೂ ಹೋಗದೆ ನೇರವಾಗಿ ಫಿಟ್ಟರ್ರ ಜಗಲಿಯ ಮುಂದೆ ನಿಂತರು. ನಾನು ಹಿಂದಿನಿಂದ ಓಡಿಕೊಂಡು ಹೋದೆ. ತಮ್ಮ ಗಾಡಿ ಮುಟ್ಟಲು ಇವನಿಗೆ ಹೇಳಿದವರು ಯಾರು, ಮೂರು ವರ್ಷದಿಂದ ಕೊಬ್ಬರಿ ಹೊತ್ತಿರುವ ಗಾಡಿ, ಒಂದು ದಿನ ನಿಂತಿಲ್ಲ ಎಂದು ಸಾಹುಕಾರರು ಒಂದೇ ಉಸಿರಿಗೆ ಹೇಳಿದರು. ಜನ ಸೇರಿದರು. ಫಿಟ್ಟರ್ರು ಒಳಗೆ ಹೋಗಿ ಹಳೆಯ ಪೈಪು ತಂದು ಅವರ ಕೈಗೆ ಕೊಟ್ಟರು.

“ಬಗ್ಗಿಸಿ ನೋಡಿ ಸಾವ್ಕಾರ್ರೆ.”

ಸಾಹುಕಾರರು ಬಗ್ಗಿಸಿದರು. ಬಗ್ಗಲಿಲ್ಲ. ಚಕ್ಕುಲಿ ಮುರಿದಂತೆ ಲಟಕ್ಕನೆ ಮುರಿಯಿತು. ಒಳಗಿನಿಂದ ಕೆಂಪು ಪುಡಿ ಅವರ ಬಿಳಿ ಪಂಚೆಯ ಮೇಲೆ ಸುರಿಯಿತು.

“ಕೊಬ್ರಿ ಹೊತ್ರೆ ಕೊಬ್ರಿ ಸುಟ್ಟೋಗೋದು,” ಎಂದರು ಫಿಟ್ಟರ್ರು. “ನಾಳೆ ಒಂಬತ್ತು ಹೆಣ್ಮಕ್ಳು ಕುತ್ಕಂತಾವೆ. ಅದ್ರಾಗೊಂದು ನಿಮ್ದು.”

ಸಾಹುಕಾರರು ಕೈಯಲ್ಲಿದ್ದ ಎರಡು ತುಂಡುಗಳನ್ನು ತಿರುಗಿಸಿ ನೋಡಿದರು. ಆಮೇಲೆ ಅವುಗಳನ್ನು ಜಗಲಿಯ ಮೇಲೆ ಇಟ್ಟು, ಸಂಜೆಯೊಳಗೆ ಆಗುತ್ತದೆಯೇ ಎಂದು ಮಾತ್ರ ಕೇಳಿದರು. ಆಗುತ್ತದೆ ಎಂದರು ಫಿಟ್ಟರ್ರು.

ಅವತ್ತಿನ ಭಾನುವಾರದಷ್ಟು ದೈಹಿಕವಾಗಿ ದುಡಿದ ದಿನ ನನ್ನ ಜೀವನದಲ್ಲಿ ಇನ್ನೊಂದಿಲ್ಲ, ಅಷ್ಟು ಖುಷಿಯಾಗಿ ದುಡಿದದ್ದೂ ಇಲ್ಲ. ಅವರ ಹಿತ್ತಲಿನಲ್ಲಿ, ಗಾಡಿಯಿಂದ ದೂರದಲ್ಲಿ, ನೀರೊಲೆಯ ಕೆಂಡದ ಮೇಲೆ ಪೈಪನ್ನು ಕೆಂಪಗೆ ಕಾಯಿಸಿ ಆರಲು ಬಿಟ್ಟರು. ಕಬ್ಬಿಣ ಕಾಯಿಸಿ ಆರಿಸಿದರೆ ಒಂದು ತರಹ, ತಾಮ್ರ ಇನ್ನೊಂದು ತರಹ. ತಾಮ್ರ ಮೆತ್ತಗಾಗುತ್ತದೆ, ಹೇಳಿದ ಮಾತು ಕೇಳುತ್ತದೆ ಎಂದು ವಿವರಿಸಿದರು. ಶಾಲೆಯಲ್ಲಿ ಲೋಹಗಳ ಪಾಠ ಮಾಡುತ್ತಿದ್ದವಳು ನಾನು. ನನಗೆ ಅದು ಗೊತ್ತಿರಲಿಲ್ಲ. ಆಮೇಲೆ ಪೈಪಿನೊಳಗೆ ಜರಡಿ ಹಿಡಿದ ಒಣ ಮರಳು ತುಂಬಿ ಎರಡೂ ಬಾಯಿಗೆ ಬಿರಡೆ ಹಾಕಿದೆವು. ಬಗ್ಗಿಸುವಾಗ ಸುಕ್ಕು ಬಿದ್ದು ಒಳದಾರಿ ಮುಚ್ಚಿಹೋಗಬಾರದಲ್ಲ, ಅದಕ್ಕೆ. ಬಾವಿಯ ರಾಟೆಯನ್ನು ಬಿಚ್ಚಿ ತಂದು, ಅದರ ದುಂಡಿಗೆ ಆನಿಸಿ ಒಂದೊಂದೇ ತಿರುವು ಬಗ್ಗಿಸಿದರು. ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ಅವರ ಕೈಯಲ್ಲಿ, ಹಳೆಯ ಪೈಪಿನ ತುಂಡುಗಳನ್ನು ನೆಲದ ಮೇಲೆ ಜೋಡಿಸಿಟ್ಟು ಅದರ ಮೇಲೆ ಹಿಡಿದು ನೋಡುತ್ತ. “ಎಳೀಬ್ಯಾಡಿ, ಅದರ ಜೊತೆಗೆ ಹೋಗಿ” ಎಂದು ಎಷ್ಟು ಸಲ ಹೇಳಿದರೋ.

ಮರಳು ತೆಗೆದು, ನೀರು ಹಾಯಿಸಿ, ಊದಿ ಒಣಗಿಸಿದ್ದಾಯಿತು. ತುದಿಯ ಬಾಯಿಯನ್ನು ತುತ್ತೂರಿಯಂತೆ ಅಗಲಿಸುವ ಕೆಲಸ ಕೊನೆಯದು. ಅದನ್ನು ಅವರು ಬಹಳ ನಾಜೂಕಾಗಿ, ನಾಲಿಗೆಯ ತುದಿಯನ್ನು ಹಲ್ಲಿನ ನಡುವೆ ಇಟ್ಟುಕೊಂಡು ಮಾಡಿದರು. ಮುಗಿಸಿ ಹೆಮ್ಮೆಯಿಂದ ಎತ್ತಿ ತೋರಿಸಿದರು. ಕಲ್ಲಿನ ಮೇಲೆ ನಟ್ಟು ಹಾಗೆಯೇ ಕೂತಿತ್ತು. ಅಗಲಿಸಿದ ಬಾಯಿಗೆ ಇನ್ನು ಅದು ತೂರುವುದಿಲ್ಲ ಎನ್ನುವುದು ನನಗೂ ತಿಳಿಯಿತು.

“ಫಿಟ್ಟರ್ರೆ, ಇದು ಯಾವುದಕ್ಕೆ?” ಎಂದು ಎತ್ತಿ ತೋರಿಸಿದೆ.

ಮೂವತ್ತು ವರ್ಷ ರೈಲು ಎಂಜಿನ್ನಿಗೆ ಪೈಪು ಕೂರಿಸಿದ ಮನುಷ್ಯ ನನ್ನನ್ನೇ ನೋಡಿದರು. ಆಮೇಲೆ ಬೀದಿಗೆ ಕೇಳುವಂತೆ ನಕ್ಕರು. ಅಷ್ಟು ಜೋರಾಗಿ ನಗುವುದನ್ನು ಅವರ ಹೆಂಡತಿಯೂ ಕಂಡಿರಲಿಲ್ಲವೇನೋ, ಒಳಗಿನಿಂದ ಓಡಿ ಬಂದರು. ಒಂದು ಗೇಣು ಹೆಚ್ಚಿಗೆ ತರಿಸಿದ್ದು ಇದಕ್ಕೇ ಎಂದು ಹೇಳಿ, ತುದಿ ಕತ್ತರಿಸಿ, ನಟ್ಟು ತೂರಿಸಿ, ಮತ್ತೆ ಮೊದಲಿನಿಂದ ಶುರುಮಾಡಿದರು.

ಗಾಡಿಗೆ ಕೂರಿಸುವಾಗ ಕೆಳಗೆ ಇನ್ನೊಂದು ಜೊತೆ ಕೈ ಬೇಕಾಯಿತು. ಸೀರೆ ಉಟ್ಟವಳು ನಾನು ಯೋಚಿಸುತ್ತ ನಿಂತಿದ್ದೆ. ಸಾಹುಕಾರರು ಅಂಗಿ ಬಿಚ್ಚಿ ಗೂಟಕ್ಕೆ ನೇತುಹಾಕಿ, ಪಂಚೆ ಎತ್ತಿ ಕಟ್ಟಿ, ತಮ್ಮ ಗಾಡಿಯ ಕೆಳಗೆ ತಾವೇ ತೂರಿದರು. ತಾಮ್ರ ಕಬ್ಬಿಣಕ್ಕೆ ಉಜ್ಜಿ ಸವೆಯದ ಹಾಗೆ ಕ್ಲಾಂಪಿಗೊಂದೊಂದು ಚರ್ಮದ ತುಂಡು. ಸೈಲೆನ್ಸರಿಗೂ ಪೈಪಿಗೂ ನಡುವೆ ಒಂದು ತಗಡಿನ ಮರೆ. ಕೆಳಗಿನಿಂದ ಇಬ್ಬರ ಮಾತು ಕೇಳುತ್ತಿತ್ತು. ಒಬ್ಬರು ಜೋರಾಗಿ, ಒಬ್ಬರು ಮೆಲ್ಲಗೆ. ಏನು ಮಾತಾಡಿಕೊಂಡರೋ…

ಸೋಮವಾರ ಬೆಳಿಗ್ಗೆ ಒಂಬತ್ತು ಹುಡುಗಿಯರೂ ಬಂದು ನಿಂತರು. ಡ್ರೈವರೂ ತಲೆ ತಗ್ಗಿಸಿಕೊಂಡು ಬಂದಿದ್ದ. ಗಾಡಿ ಒಂದು ಸಲಕ್ಕೆ ಹಿಡಿಯಲಿಲ್ಲ, ಎರಡು ಸಲಕ್ಕೂ ಹಿಡಿಯಲಿಲ್ಲ. ಮಕ್ಕಳ ಅಪ್ಪಂದಿರು ನನ್ನ ಕಡೆ ನೋಡುತ್ತಿದ್ದರು. ಫಿಟ್ಟರ್ರು ಬಾನೆಟ್ ಎತ್ತಿ ಪಂಪಿನ ಪಕ್ಕದ ಸಣ್ಣ ಹಿಡಿಯನ್ನು ಬೆರಳಿನಿಂದ ಒತ್ತುತ್ತಲೇ ಇದ್ದರು. ಪೈಪು ಹೊಸದು, ಪೆಟ್ರೋಲು ಮುಂದಕ್ಕೆ ಬರಲು ಹೊತ್ತು ಬೇಕು, ಗಾಬರಿ ಬೇಡ ಎಂದರು. ಮೂರನೆಯ ಸಲಕ್ಕೆ ಎಂಜಿನ್ ಕೆಮ್ಮಿ ಶುರುವಾಯಿತು. ಆಗ ಅವರು ಮಾಡಿದ ಕೆಲಸವನ್ನು ಯಾರೂ ಎಣಿಸಿರಲಿಲ್ಲ. ಹಿಂದೆ ಬಂದು, ಹುಡುಗಿಯರ ಪಕ್ಕದಲ್ಲಿ, ಸರಿಯಾಗಿ ಪೈಪಿನ ಮೇಲಿನ ಜಾಗದಲ್ಲಿ ಚಕ್ಕಳಮಕ್ಕಳ ಹಾಕಿ ಕೂತರು. ಪರೀಕ್ಷೆ ಮುಗಿಯುವ ತನಕ ದಿನಾ ಹಾಗೆಯೇ ಬಂದರು.

ಮೊದಲ ದಿನ ಹುಡುಗಿಯರು ಒಳಗೆ ಹೋದ ಮೇಲೆ ನಾವಿಬ್ಬರೂ ಶಾಲೆಯ ಹೊರಗೆ ಹೊಂಗೆ ಮರದ ಕೆಳಗೆ ಕೂತೆವು. ಅವರು ಗಾಡಿಯ ಕೆಳಗೆ ಕೈಯಾಡಿಸಿ ಬೆರಳು ಮೂಸಿ, ತೃಪ್ತಿಯಾಗಿ ಬಂದು ಕೂತಿದ್ದರು. ಇಷ್ಟೆಲ್ಲ ಮಾಡಿದಿರಲ್ಲ, ನಿಮ್ಮ ಮನೆಯ ಹುಡುಗಿ ಒಬ್ಬಳೂ ಇದರಲ್ಲಿಲ್ಲವಲ್ಲ ಎಂದೆ. ಸುಮ್ಮನೆ ಹೊಗಳುವ ಮಾತಾಗಿ ಆಡಿದ್ದೆ.

ಅವರಿಗೊಬ್ಬಳು ಮಗಳಿದ್ದಳು. ಮದುವೆಯಾಗಿ ತರೀಕೆರೆಯ ಹತ್ತಿರ ಇದ್ದಳು, ಒಂದು ಮಗು. ನಮ್ಮೂರಿನ ಹೈಸ್ಕೂಲಿನಲ್ಲೇ ಹತ್ತನೆಯವರೆಗೆ ಓದಿದ್ದಳಂತೆ. ನನಗದು ಗೊತ್ತಿರಲಿಲ್ಲ. ಏಳು ವರ್ಷದ ಹಿಂದೆ ಅವಳ ಪರೀಕ್ಷೆಯ ಹೊತ್ತಿಗೆ ಇವರು ಬೀರೂರಿನಲ್ಲಿ ಡ್ಯೂಟಿಯಲ್ಲಿದ್ದರು. ಕಡೂರಿಗೆ ಹೇಗೆ ಹೋಗಿಬರುವುದು ಎಂದು ಹೆಂಡತಿ ಹೇಳಿಕಳಿಸಿದರೆ, ದಾರಿ ಸರಿಯಿಲ್ಲ, ಹೋಗುವುದು ಬೇಡ ಎಂದು ಅಲ್ಲಿಂದಲೇ ಹೇಳಿಕಳಿಸಿದರು. ಅವಳು ಅಳಲಿಲ್ಲವಂತೆ. ಪುಸ್ತಕಗಳನ್ನು ಕಟ್ಟಿ ಅಟ್ಟದ ಮೇಲೆ ಇಟ್ಟಳಂತೆ. ಮುಂದಿನ ವರ್ಷ ಮದುವೆ.

“ದಾರಿ ಸರಿಯಿಲ್ಲ ಅಂತ ಮಗಳನ್ನ ನಿಲ್ಲಿಸ್ದೆ,” ಎಂದರು. ಅವರು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. “ದಾರಿ ಸರಿ ಮಾಡೋದು ನನ್ ಕೆಲ್ಸ ಅಂತ ಆವಾಗ ಹೊಳೀಲಿಲ್ಲ ಕಣಮ್ಮ. ಎಂಜಿನ್ದು ಮಾಡ್ತಿದ್ದೆ, ಮಗಳ್ದು ಮಾಡ್ಲಿಲ್ಲ.”

ಮೇಷ್ಟರ ಬುದ್ಧಿ, ಸಮಾಧಾನ ಹೇಳಲು ನನಗೆ ಬರುವುದಿಲ್ಲ. ಅವಳಿಗೆ ಈಗ ಇಪ್ಪತ್ತಮೂರು ತಾನೇ, ಖಾಸಗಿಯಾಗಿ ಪರೀಕ್ಷೆಗೆ ಕಟ್ಟಬಹುದು, ಅರ್ಜಿ ನಾನು ತುಂಬುತ್ತೇನೆ, ಗಣಿತ ನಾನು ಹೇಳಿಕೊಡುತ್ತೇನೆ ಎಂದೆ. ಆಗುತ್ತದೆ, ಆಗುವುದಿಲ್ಲ ಎಂಬ ಎರಡೇ ಮಾತಿನ ಮನುಷ್ಯ ಅವತ್ತು ಎರಡನ್ನೂ ಆಡಲಿಲ್ಲ.

ಒಂಬತ್ತರಲ್ಲಿ ಆರು ಜನ ಪಾಸಾದರು. ಸಾಹುಕಾರರ ಮಗಳಿಗೆ ಇಂಗ್ಲಿಷ್ ಹೋಯಿತು. ಸಾಹುಕಾರರು ಅಕ್ಟೋಬರಿನ ಮರುಪರೀಕ್ಷೆಗೆ ತಾವಾಗಿ ಗಾಡಿ ತಂದು ನಿಲ್ಲಿಸಿದರು.

ಮುಂದಿನ ವರ್ಷ ಜನವರಿಯಲ್ಲಿ ಒಂದು ಸಂಜೆ ನನ್ನ ಬಾಗಿಲಿಗೆ ಒಬ್ಬ ಹೆಂಗಸು ಬಂದಳು. ಜೊತೆಯಲ್ಲಿ ನಾಲ್ಕು ವರ್ಷದ ಹೆಣ್ಣುಮಗು, ಕಂಕುಳಲ್ಲಿ ಹಳೆಯ ಪುಸ್ತಕದ ಕಟ್ಟು. ಹಿಂದೆ ಬೀದಿಯ ಆಚೆ ಫಿಟ್ಟರ್ರು ಜಗಲಿಯ ಮೇಲೆ ಕೂತು ಬೇರೆ ಕಡೆ ನೋಡುತ್ತಿದ್ದರು. ಆ ಒಂದು ವರ್ಷದಲ್ಲಿ ಅವರು ಮಗಳ ಅತ್ತೆ ಮಾವನ ಮನೆಗೆ ಆರು ಸಲ ಹೋಗಿ ಬಂದಿದ್ದರೆಂದು ಅವಳೇ ಹೇಳಿದಳು. ಮೊದಲ ಐದು ಸಲ ಆಗುವುದಿಲ್ಲ ಎಂದು ಕಳಿಸಿದ್ದರಂತೆ. ಆರನೆಯ ಸಲ ಅವಳ ಗಂಡನೇ, ಕಟ್ಟಲಿ ಬಿಡಿ ಎಂದನಂತೆ.

ಮಾರ್ಚಿನಲ್ಲಿ ಪಿಕಪ್ಪಿನ ಹಿಂದೆ ಹನ್ನೊಂದು ಹುಡುಗಿಯರ ನಡುವೆ ಅವಳೂ ಕೂತಳು. ಮಗು ಅಜ್ಜನ ತೊಡೆಯ ಮೇಲೆ. ಗಣಿತ ಹೋಯಿತು, ಅದರ ತಪ್ಪು ಅರ್ಧ ನನ್ನದು. ಅಕ್ಟೋಬರಿನಲ್ಲಿ ಮತ್ತೆ ಕಟ್ಟಿದಳು, ಪಾಸಾದಳು. ಫಲಿತಾಂಶ ತಿಳಿದ ದಿನ ಫಿಟ್ಟರ್ರು ಬೀದಿ ದಾಟಿ ಬಂದು ನನ್ನ ಬಾಗಿಲಲ್ಲಿ ನಿಂತರು. ಯಾವತ್ತೂ ಒಳಗೆ ಬಂದವರಲ್ಲ, ಅವತ್ತೂ ಬರಲಿಲ್ಲ.

“ಲೇಟಾಯ್ತು ಟೀಚರಮ್ಮ,” ಎಂದರು. “ಎಂಟ್ ವರ್ಷ ಲೇಟು. ಆದ್ರೂ ಗಾಡಿ ಬಂತು.”

ನನಗೆ 1983ರಲ್ಲಿ ವರ್ಗವಾಯಿತು. ಮದುವೆ, ಮಕ್ಕಳು, ಇನ್ನೊಂದು ಊರು. ಅವರ ಮಗಳು ಅಜ್ಜಂಪುರದ ಕಡೆ ಅಂಗನವಾಡಿ ಕೆಲಸಕ್ಕೆ ಸೇರಿದಳೆಂದು ಒಂದು ಕಾಗದ ಬಂತು. ಅದಾಗಿ ಎರಡು ವರ್ಷಕ್ಕೆ ಇನ್ನೊಂದು ಕಾಗದ, ಅಪ್ಪನಿಗೆ ಹುಷಾರಿಲ್ಲ, ನಿಮ್ಮನ್ನು ಕೇಳುತ್ತಿರುತ್ತಾರೆ ಎಂದು. ಪರೀಕ್ಷೆಯ ಪತ್ರಿಕೆಗಳನ್ನು ತಿದ್ದುವ ಕಾಲ ಅದು. ಮುಗಿಸಿಕೊಂಡು ಹೋದರಾಯಿತು ಎಂದುಕೊಂಡೆ. ಮೂರನೆಯ ಕಾಗದ ಅದಕ್ಕಿಂತ ಮೊದಲೇ ಬಂತು. ಹೋಗಬಹುದಿತ್ತು. ಒಂದು ದಿನದ ದಾರಿ. ಇದಕ್ಕೆ ನನ್ನ ಹತ್ತಿರ ಯಾವ ಸಬೂಬೂ ಇಲ್ಲ.

ಈಗ ನನಗೆ ಎಪ್ಪತ್ಮೂರು. ಅವರು ಹೋದಾಗ ಇದ್ದ ವಯಸ್ಸನ್ನು ದಾಟಿ ಐದಾರು ವರ್ಷವಾಯಿತು. ಕಳೆದ ತಿಂಗಳು ಕಡೂರಿನಲ್ಲಿ ಒಂದು ಮದುವೆಗೆ ಹೋದವಳು, ಮಧ್ಯಾಹ್ನದ ಊಟ ಮುಗಿಸಿ ಯಾರಿಗೂ ಹೇಳದೆ ಆ ಹಳ್ಳಿಯ ಬಸ್ಸು ಹತ್ತಿದೆ. ಈಗ ಅರ್ಧ ಗಂಟೆಗೊಂದು ಬಸ್ಸು. ನಾನಿದ್ದ ಕೋಣೆ ಹಾಗೆಯೇ ಇದೆ. ಎದುರಿನ ಮನೆಗೆ ಜಗಲಿ ಇಲ್ಲ, ತಾರಸಿಯಾಗಿದೆ. ನಾನು ನೋಡುತ್ತ ನಿಂತದ್ದನ್ನು ಕಂಡು ಒಳಗಿನಿಂದ ಒಬ್ಬ ಯುವಕ ಬಂದು, ಯಾರು ಬೇಕಾಗಿತ್ತು ಎಂದು ಕೇಳಿದ. ಹೆಸರು ಹೇಳಲು ಹೋದೆ. ಬಾಯಿಗೆ ಬಂದದ್ದು ಅದೇ ಒಂದು ಮಾತು.

“ಫಿಟ್ಟರ್ರು,” ಎಂದೆ.

“ನಲ್ಲಿ ಕೆಲ್ಸಕ್ಕಾ ಅಜ್ಜಿ? ಕಡೂರಲ್ಲಿ ಒಬ್ರವ್ರೆ, ನಂಬರ್ ಕೊಡ್ಲಾ?”

ಬೇಡಪ್ಪ, ಅವರು ತೀರಿಕೊಂಡು ಬಹಳ ವರ್ಷವಾಯಿತು ಎಂದೆ. ಅವನಿಗೆ ಏನೂ ಅರ್ಥವಾಗಲಿಲ್ಲ. ಬಿಸಿಲಿದೆ, ನೀರು ಕುಡಿದು ಹೋಗಿ ಎಂದು ಒಂದು ಚೊಂಬು ತಂದುಕೊಟ್ಟ. ಕುಡಿದು, ಬಸ್ ಸ್ಟಾಪಿನ ಕಡೆ ನಡೆದೆ.